ಸಾಹೇಬರು ಮಂಡಿಯೂರಿದ ದಿನ

ಒಬ್ಬ ಮನುಷ್ಯನನ್ನು ಮಂಡಿಯೂರಿಸಬೇಕು ಎಂದು ನಾನು ಐದು ವರ್ಷ ಕಾದೆ. ನನ್ನ ವಯಸ್ಸಿನ ಬೇರೆ ಹೆಂಗಸರು ಏನೇನಕ್ಕೋ ಕಾಯುತ್ತಿದ್ದರು, ನಾನು ಇದಕ್ಕೆ ಕಾದೆ. ಗವಿಪುರದ ಗುಹೆಯ ದೇವಸ್ಥಾನದಲ್ಲಿ ಬಂಡೆಗೆ ತಲೆ ತಾಗದಂತೆ ಬಗ್ಗಿ ಪ್ರದಕ್ಷಿಣೆ ಬರುವಾಗ ಜನ ಮಕ್ಕಳ ಪರೀಕ್ಷೆ, ಗಂಡನ ಆರೋಗ್ಯ ಎಂದು ಬೇಡಿಕೊಳ್ಳುತ್ತಿದ್ದರೆ ನಾನು 'ಅವನ ಮಂಡಿ ನೆಲಕ್ಕೆ ತಾಗಲಿ' ಎಂದು ಬೇಡಿಕೊಳ್ಳುತ್ತಿದ್ದೆ. ಹೇಳಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ.

ಆ ಮನುಷ್ಯ ನಮ್ಮ ಆಫೀಸಿನ ಮುಖ್ಯಸ್ಥರು. ಎಲ್ಲರ ಬಾಯಲ್ಲೂ ಅವರು 'ಸಾಹೇಬರು'. ಮಲ್ಲೇಶ್ವರದ ಒಂದು ಹಳೆಯ ಮನೆಯ ಮಹಡಿಯಲ್ಲಿ ನಮ್ಮ ಸಣ್ಣ ಕಂಪನಿ ಇತ್ತು. ವಿದ್ಯುತ್ ಕೇಂದ್ರಗಳ ಯಂತ್ರಗಳು ಭೂಕಂಪವಾದರೆ ನಿಂತಾವೋ ಬಿದ್ದಾವೋ ಎಂದು ನೋಡಿ ವರದಿ ಬರೆದು ಕೊಡುವುದು ನಮ್ಮ ಕೆಲಸ. ನಾನು ಅಲ್ಲಿ ಎಂಜಿನಿಯರ್. ಇದ್ದ ಒಬ್ಬಳೇ ಹೆಣ್ಣು ಎಂಜಿನಿಯರ್. ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಇದೊಂದು ತಮಾಷೆಯಾಗಿತ್ತು. ಬೆಳಿಗ್ಗೆ ನಾನು ಡಬ್ಬಿ ಹಿಡಿದು ಬಸ್ಸಿಗೆ ಓಡುತ್ತಿದ್ದರೆ ಎದುರುಮನೆಯವರು, "ಎಲ್ಲಮ್ಮಾ ಇವತ್ತು ಭೂಮಿ ನಡುಗೋದು?" ಎಂದು ಕೇಳುತ್ತಿದ್ದರು.

ಸಾಹೇಬರ ಮನೆ ಬಸವನಗುಡಿಯಲ್ಲಿ, ಗಾಂಧಿ ಬಜಾರಿನ ಹಿಂದಿನ ಬೀದಿ. ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಬಿಳಿ ಶರ್ಟು, ಹಣೆಯಲ್ಲಿ ಸಾಸಿವೆ ಕಾಳಿನಷ್ಟು ಕುಂಕುಮ. ಭಾನುವಾರದ ಸಂಜೆ ಅಲ್ಲೊಂದು ಸಭಾಂಗಣದಲ್ಲಿ ಅವರ ಉಪನ್ಯಾಸ ಇರುತ್ತಿತ್ತು. ನಮ್ಮ ಆಚಾರ, ಅದರ ಹಿಂದಿನ ವಿಜ್ಞಾನ, ಹೀಗೆ ಏನಾದರೊಂದು ವಿಷಯ. ಮಾತಿನಲ್ಲಿ ಮನೆ ಕಟ್ಟುವ ಜಾಣ. ನನ್ನ ಅಮ್ಮ ಒಂದು ಭಾನುವಾರವೂ ತಪ್ಪಿಸುತ್ತಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವಳಿಗೆ ಇದ್ದ ತಿರುಗಾಟ ಅದೊಂದೇ. ಮಗಳ ಆಫೀಸಿನ ದೊಡ್ಡವರು ಎಂಬ ಹೆಮ್ಮೆ ಬೇರೆ.

ತೊಂಬತ್ತರ ದಶಕದ ಮಧ್ಯದಲ್ಲಿ ನಮಗೊಂದು ಅಣು ವಿದ್ಯುತ್ ಸ್ಥಾವರದ ಕೆಲಸ ಬಂತು. ಯಾವ ಊರಿನದು ಎಂದು ಹೇಳುವುದಿಲ್ಲ. ನನ್ನ ಪಾಲಿಗೆ ಬಂದದ್ದು ಅಲ್ಲಿನ ಬ್ಯಾಟರಿ ಕೋಣೆ. ಅಣುಸ್ಥಾವರ ಎಂದರೆ ಜನ ಗುಮ್ಮಟ ನೋಡುತ್ತಾರೆ, ಬ್ಯಾಟರಿ ಕೋಣೆಯನ್ನು ಯಾರೂ ನೋಡುವುದಿಲ್ಲ. ಆದರೆ ಒಲೆ ಆರಿಸಿದ ಮಾತ್ರಕ್ಕೆ ಕುಕ್ಕರಿನೊಳಗಿನ ಬಿಸಿ ಹೋಗುವುದಿಲ್ಲವಲ್ಲ, ಸ್ಥಾವರವೂ ಹಾಗೆಯೇ. ಭೂಕಂಪವಾದರೆ ಸ್ಥಾವರ ತಾನಾಗಿ ನಿಲ್ಲುತ್ತದೆ, ಹೊರಗಿನ ಕರೆಂಟೂ ಹೋಗಿರುತ್ತದೆ, ಒಳಗಿನ ಬಿಸಿ ಮಾತ್ರ ಇರುತ್ತದೆ. ಅದನ್ನು ತಣಿಸುವ ಪಂಪುಗಳಿಗೆ ಡೀಸೆಲ್ ಜನರೇಟರ್ ಶುರುವಾಗಬೇಕು, ಜನರೇಟರ್ ಶುರುವಾಗಲು ಬ್ಯಾಟರಿ ಬೇಕು. ಆ ಬ್ಯಾಟರಿಗಳು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಸಾಲಾಗಿ ಕೂತಿರುತ್ತವೆ. ನೆಲ ಅಲ್ಲಾಡಿದಾಗ ಜಾರಿ ಬೀಳದಂತೆ ಮುಂದೊಂದು ಕಬ್ಬಿಣದ ಪಟ್ಟಿ ಹಾಕಿ ಬೋಲ್ಟಿನಿಂದ ಬಿಗಿದಿರುತ್ತಾರೆ.

ನಾನು ಹೋದದ್ದು ದಸರೆ ಕಳೆದು ಹತ್ತು ಹನ್ನೆರಡು ದಿನಕ್ಕೆ. ಕೋಣೆ ಅಂದವಾಗಿತ್ತು. ಸ್ಟ್ಯಾಂಡುಗಳಿಗೆ ಹೊಸ ಬಣ್ಣ, ಪ್ರತಿ ಬ್ಯಾಟರಿಗೂ ಅರಿಸಿನ ಕುಂಕುಮ. ಪಟ್ಟಿಗಳು ಮಾತ್ರ ಸ್ಟ್ಯಾಂಡಿನಲ್ಲಿ ಇರಲಿಲ್ಲ. ಇಪ್ಪತ್ತನಾಲ್ಕು ಪಟ್ಟಿಗಳೂ ಗೋಡೆಗೆ ಒರಗಿ ನಿಂತಿದ್ದವು, ಅವಕ್ಕೂ ಕುಂಕುಮ ಹಚ್ಚಿತ್ತು.

ಕೇಳಿದೆ. ಅಲ್ಲಿನ ಹಿರಿಯ ಟೆಕ್ನಿಷಿಯನ್ ಕಪಟವಿಲ್ಲದ ಮನುಷ್ಯ, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಆಯುಧಪೂಜೆಯ ಬೆಳಿಗ್ಗೆ ಪಟ್ಟಿ ಬಿಚ್ಚಿ, ಆಸಿಡ್ಡಿನ ಬಿಳಿ ಪುಡಿ ಒರೆಸಿ, ಬಣ್ಣ ಹೊಡೆಯುತ್ತಾರೆ. ಬಣ್ಣ ಒಣಗುವಷ್ಟರಲ್ಲಿ ಪೂಜೆಯ ಹೊತ್ತಾಗುತ್ತದೆ. ಸ್ಪ್ಯಾನರುಗಳನ್ನೆಲ್ಲ ತೊಳೆದು ಮಣೆಯ ಮೇಲೆ ಪೂಜೆಗೆ ಇಟ್ಟುಬಿಡುತ್ತಾರೆ. "ಪೂಜೆಗಿಟ್ಟ ಆಯುಧಾನ ಮಾರನೇ ದಿನದ ತನಕ ಮುಟ್ಟೋ ಹಾಗಿಲ್ಲವಲ್ಲ ಮೇಡಂ," ಎಂದ. ಮಾರನೇ ದಿನ ವಿಜಯದಶಮಿ ರಜೆ. ಅದರ ಮಾರನೇ ದಿನ ಪಾಳಿ ಬದಲು. ಹೊಸ ಪಾಳಿಯವರಿಗೆ ಪಟ್ಟಿ ಗೋಡೆಗೆ ಒರಗಿರುವುದೇ ಅದರ ಜಾಗ ಎಂಬಂತೆ ಕಾಣುತ್ತದೆ. ಕೆಲವು ವರ್ಷ ಯಾರಿಗಾದರೂ ನೆನಪಾಗುತ್ತದಂತೆ, ಕೆಲವು ವರ್ಷ ಇಲ್ಲವಂತೆ. ಬ್ಯಾಟರಿ ಕೋಣೆಯಲ್ಲಿ ಗ್ಯಾಸ್ ಇರುತ್ತದೆಂದು ಆರತಿಯನ್ನು ಮಾತ್ರ ಶಿಸ್ತಾಗಿ ಬಾಗಿಲಿನಿಂದ ಹೊರಗೇ ಬೆಳಗುತ್ತಿದ್ದರು.

ಬೆಂಗಳೂರಿಗೆ ಬಂದು ವರದಿ ಟೈಪ್ ಮಾಡಿದೆ. ಯಾರ ಮೇಲೂ ತಪ್ಪು ಹೊರಿಸಲಿಲ್ಲ. ಪೂಜೆಗೆ ಬಿಚ್ಚಿದ ಪಟ್ಟಿಗಳನ್ನು ಅಂದೇ ಮರಳಿ ಬಿಗಿಯಬೇಕು, ಅದಕ್ಕಾಗಿ ಒಂದು ಸ್ಪ್ಯಾನರನ್ನು ಪೂಜೆಗೆ ಇಡದೆ ಹೊರಗೆ ಇಟ್ಟುಕೊಳ್ಳಬೇಕು. ಅಷ್ಟೇ ಬರೆದದ್ದು. ಇಷ್ಟು ವರ್ಷದ ಕೆಲಸದಲ್ಲಿ ನಾನು ಬರೆದ ಅತ್ಯಂತ ಉಪಯೋಗದ ಮಾತು ಅದು ಎಂದು ಈಗಲೂ ನಂಬಿದ್ದೇನೆ.

ಸಾಹೇಬರು ಕರೆಸಿದರು. ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು, "ಏನಮ್ಮಾ ಇದು, ಇಂಜಿನಿಯರಿಂಗಾ, ಹರಿಕಥೆನಾ?" ಎಂದರು.

"ಪಟ್ಟಿ ಇಲ್ಲದೆ ಬ್ಯಾಟರಿ ನಿಂತಿದೆ ಸರ್."

"ಎಲ್ಲಾದ್ರೂ ನಿಂತಿರ್ಲಿ. ಪೂಜೆ ತಪ್ಪು ಅಂತ ಬರೆದ್ರೆ ನಾಳೆ ಅವರು ನಮ್ಮನ್ನ ಒಳಗೆ ಬಿಟ್ಕೋತಾರಾ? ಮುಂದಿನ ವರ್ಷದ ಕೆಲಸ ನಿಮ್ಮಪ್ಪ ಕೊಡ್ತಾರಾ?"

ನನ್ನ ಅಪ್ಪ ಸತ್ತು ಎರಡು ವರ್ಷವಾಗಿತ್ತು, ಅದು ಅವರಿಗೆ ಗೊತ್ತಿತ್ತು. ಹಾಳೆಯನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದರು. ಆ ಪುಟವಿಲ್ಲದೆಯೇ ವರದಿ ಹೋಯಿತು. ನನ್ನ ಬಳಿ ಕಾರ್ಬನ್ ಕಾಪಿ ಉಳಿಯಿತು.

ಇಷ್ಟಕ್ಕೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆನೇನೋ. ಮುಂದಿನ ಭಾನುವಾರ ಅಮ್ಮ ಉಪನ್ಯಾಸ ಮುಗಿಸಿ ಬಂದವಳು ಚಪ್ಪಲಿ ಬಿಡುವ ಮೊದಲೇ ನಗತೊಡಗಿದಳು. "ಅಯ್ಯೋ ಕೇಳೇ, ಇವತ್ತು ನಿಮ್ ಸಾಹೇಬ್ರು ಎಂಥಾ ನಗಿಸಿದ್ರು ಅಂತೀಯಾ! ಯಾವಳೋ ಒಬ್ಬಳು ಇಂಜಿನಿಯರಮ್ಮ ಇದಾಳಂತೆ, ಆಯುಧಪೂಜೆ ಮಾಡಿದ್ರೆ ಅಣುಸ್ಥಾವರ ಬಿದ್ದೋಗತ್ತೆ ಅಂತ ಬರೆದು ಕೊಟ್ಳಂತೆ. ಇಡೀ ಸಭೆ ಬಿದ್ದು ಬಿದ್ದು ನಕ್ತು." ಅವಳ ಕಣ್ಣಲ್ಲಿ ನಕ್ಕು ನಕ್ಕು ನೀರು ಬಂದಿತ್ತು. ಆ 'ಯಾವಳೋ' ನಾನು ಎಂದು ನಾನು ಹೇಳಲಿಲ್ಲ. ನನ್ನ ಅಮ್ಮನೇ ನನ್ನನ್ನು ನೆನೆದು ನಗುವಂತೆ ಮಾಡಿದ್ದರು ಆ ಮಹಾನುಭಾವರು. ಅವತ್ತೇ ಅಡಿಗೆಮನೆಯಲ್ಲಿ ಉಪ್ಪಿನ ಭರಣಿ ಮುಟ್ಟಿ ಆಣೆ ಮಾಡಿದೆ, ಇವನನ್ನು ಜನರೆದುರಿಗೆ ಮಂಡಿಯೂರಿಸದೆ ಬಿಡುವುದಿಲ್ಲ ಎಂದು.

ಆಮೇಲೆ ನನ್ನನ್ನು ನಕ್ಷೆಗಳ ಕೋಣೆಗೆ ಹಾಕಿದರು. ಅಲ್ಲಿ ನಕ್ಷೆ ಪ್ರಿಂಟು ಮಾಡುವ ಅಮೋನಿಯಾದ ವಾಸನೆ, ಜಿರಲೆ, ನಾನು. ಸುರುಳಿ ಸುತ್ತಿದ ನಕ್ಷೆಗಳಿಗೆ ನಂಬರು ಹಾಕುವುದು ಕೆಲಸ. ನನಗಿಂತ ಚಿಕ್ಕವರು ಸ್ಥಾವರಗಳಿಗೆ ಹೋಗಿ ಬರುತ್ತಿದ್ದರು, ಬಂದು ನನ್ನ ಹತ್ತಿರ ನಕ್ಷೆ ಕೇಳುತ್ತಿದ್ದರು. ನಾನು ಸಿಟ್ಟನ್ನು ಉಪ್ಪಿನಕಾಯಿ ಹಾಗೆ ಕಾಪಾಡಿಕೊಂಡೆ, ವರ್ಷ ಕಳೆದಷ್ಟೂ ಹದವಾಗಿ ಬಂತು. ದಸರೆ ಬಂದಾಗಲೆಲ್ಲ ಆ ಗೋಡೆಗೆ ಒರಗಿದ ಪಟ್ಟಿಗಳ ನೆನಪಾಗುತ್ತಿತ್ತು. ಎರಡು ಸಲ ಸ್ಥಾವರಕ್ಕೆ ಕಾಗದ ಬರೆದೆ. ಎರಡೂ ಸಲ ಅದು 'ಮುಖ್ಯಸ್ಥರ ಮೂಲಕ ಬರಲಿ' ಎಂಬ ಒಕ್ಕಣೆಯೊಂದಿಗೆ ಸಾಹೇಬರ ಮೇಜಿಗೇ ಬಂತು.

ಗುಜರಾತಿನಲ್ಲಿ ಭೂಕಂಪವಾಯಿತು. ಗಣರಾಜ್ಯೋತ್ಸವದ ರಜೆ, ಅಮ್ಮ ಟಿವಿಯಲ್ಲಿ ಪರೇಡು ನೋಡುತ್ತಿದ್ದಳು. ಮೊದಮೊದಲು ಏನೂ ಅರ್ಥವಾಗಲಿಲ್ಲ, ಸಂಜೆಯ ಹೊತ್ತಿಗೆ ಎಲ್ಲ ಗೊತ್ತಾಯಿತು. ಕಚ್ಛಿನ ವಿದ್ಯುತ್ ಕೇಂದ್ರಗಳನ್ನು ಎಬ್ಬಿಸಿ ನಿಲ್ಲಿಸಲು ಎಲ್ಲೆಡೆಯಿಂದ ಜನರನ್ನು ಕರೆಸಿದರು. ನಮ್ಮ ಆಫೀಸಿಗೂ ಕರೆ ಬಂತು. ಒಬ್ಬನಿಗೆ ತಂಗಿಯ ಮದುವೆ, ಇನ್ನೊಬ್ಬನಿಗೆ ಬೆನ್ನುನೋವು, ಮತ್ತೊಬ್ಬನ ಮಗುವಿಗೆ ಕಿವಿ ಚುಚ್ಚುವ ಶಾಸ್ತ್ರ. ನಾನು ಹೋಗುತ್ತೇನೆ ಎಂದೆ.

ಅಲ್ಲಿ ಕಂಡದ್ದನ್ನೆಲ್ಲ ಬರೆಯಲಾರೆ. ಮನೆಗಳ ವಿಷಯ ಬಿಡಿ, ಅದಕ್ಕೆ ನನ್ನಲ್ಲಿ ಮಾತಿಲ್ಲ. ನನಗೆ ವಹಿಸಿದ್ದು ಒಂದು ಸಣ್ಣ ಉಪಕೇಂದ್ರ. ಚಕ್ರದ ಮೇಲೆ ನಿಲ್ಲಿಸಿದ್ದ ಟ್ರಾನ್ಸ್‌ಫಾರ್ಮರು ಹಳಿ ಬಿಟ್ಟು ಇಳಿದಿತ್ತು, ಆದರೂ ಕೆಟ್ಟಿರಲಿಲ್ಲ. ಕೆಟ್ಟದ್ದು ಬ್ಯಾಟರಿ ಕೋಣೆ. ಬಾಗಿಲು ತೆಗೆದರೆ ಕಾಲಿಡಲು ಜಾಗವಿಲ್ಲ. ಬ್ಯಾಟರಿಗಳೆಲ್ಲ ಒಂದರ ಮೇಲೊಂದು ಬಿದ್ದು ಒಡೆದು, ಆಸಿಡ್ಡು ನೆಲದ ಸಿಮೆಂಟನ್ನು ತಿನ್ನುತ್ತಿತ್ತು. ಬ್ಯಾಟರಿ ಇಲ್ಲದೆ ಸ್ವಿಚ್ಚುಗಳು ಮಾತು ಕೇಳುವುದಿಲ್ಲ, ಆಚೆಯಿಂದ ಕರೆಂಟು ಬಂದು ನಿಂತಿದ್ದರೂ ಊರಿಗೆ ಕೊಡಲು ಬರುವುದಿಲ್ಲ. ಎದುರಿನ ಮೈದಾನದ ಡೇರೆ ಆಸ್ಪತ್ರೆಯವರು ಗಂಟೆಗೊಮ್ಮೆ ಬಂದು ಕೇಳುತ್ತಿದ್ದರು, ಎಷ್ಟು ಹೊತ್ತು, ಎಷ್ಟು ಹೊತ್ತು ಎಂದು. ರಸ್ತೆಯಲ್ಲಿ ನಿಂತಿದ್ದ ಒಂಬತ್ತು ಲಾರಿಗಳಿಂದ ಬ್ಯಾಟರಿ ಬಿಚ್ಚಿಸಿ, ಒಂದಕ್ಕೊಂದು ಜೋಡಿಸಿ, ಮಂಚದ ನವಾರು ಪಟ್ಟಿಯಿಂದ ಮೇಜಿಗೆ ಬಿಗಿದೆ. ಭೂಮಿ ಆಗಾಗ ಇನ್ನೂ ನಡುಗುತ್ತಲೇ ಇತ್ತು. ಸ್ವಿಚ್ಚು ಮಾತು ಕೇಳಿತು, ಡೇರೆಯಲ್ಲಿ ದೀಪ ಬಂತು. ಜನ ಏನೋ ಕೂಗಿದರು. ನಾನು ಆ ಕ್ಷಣದಲ್ಲೂ ನೆನೆದದ್ದು ಮಲ್ಲೇಶ್ವರದ ಆ ಕಸದ ಬುಟ್ಟಿಯನ್ನು.

ಗುಜರಾತಿನ ಅಣುಸ್ಥಾವರ ದೂರವಿತ್ತು, ಅದಕ್ಕೇನೂ ಆಗಲಿಲ್ಲ. ಆದರೆ ಎಲ್ಲರಿಗೂ ಎಚ್ಚರವಾಯಿತು. ನಾನು ಬೆಂಗಳೂರಿಗೆ ಮರಳುವಷ್ಟರಲ್ಲಿ ಮೇಲಿನಿಂದ ಸುತ್ತೋಲೆ ಬಂದಿತ್ತು: ಹಳೆಯ ವರದಿಗಳನ್ನೆಲ್ಲ ಮತ್ತೆ ತೆಗೆಯಿರಿ, ಮೊದಲೇ ಯಾರಾದರೂ ಎಚ್ಚರಿಸಿದ್ದು ಕೈಬಿಟ್ಟಿದ್ದರೆ ತಿಳಿಸಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಬಂದ ಮೂರನೆಯ ದಿನ ಸಂಜೆ ಸಾಹೇಬರು ಚಾಮರಾಜಪೇಟೆಯ ನಮ್ಮ ಮನೆಯ ಗೇಟಿನಲ್ಲಿ ನಿಂತಿದ್ದರು.

ಅಮ್ಮನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೆಳ್ಳಿಯ ಲೋಟ ತೆಗೆದಳು, ಪಕ್ಕದ ಮನೆಯಿಂದ ಗಟ್ಟಿ ಹಾಲು ತರಲು ಓಡಿದಳು. ಅವಳು ಆಚೆ ಹೋದದ್ದೇ ಸಾಹೇಬರು ದನಿ ತಗ್ಗಿಸಿದರು.

"ಆ ಕಾರ್ಬನ್ ಕಾಪಿ ನಿನ್ನ ಹತ್ರ ಇದೆ ಅಲ್ವಾ?"

"ಇದೆ ಸರ್."

"ನೋಡಮ್ಮ, ನಂಗೆ ರಿಟೈರ್ ಆಗೋಕೆ ಸ್ವಲ್ಪ ವರ್ಷ ಇದೆ. ನೀನು ಬರೆದಿದ್ದನ್ನ ಹೊಸ ವರದಿಲಿ ಹಾಗೇ ಸೇರಿಸ್ತೀನಿ. ನಿನ್ನ ಹೆಸರಲ್ಲೇ. ಅವತ್ತೇ ಬರೆದಿದ್ಲು, ಟೈಪಿಂಗಲ್ಲಿ ಪುಟ ಬಿಟ್ಟೋಯ್ತು ಅಂತ ತಿದ್ದೋಲೆ ಕಳಿಸ್ತೀನಿ. ಸೈಟಿಗೂ ವಾಪಸ್ ಹಾಕ್ತೀನಿ. ಆ ಕಾಪಿ ಮಾತ್ರ ನಂಗೆ ಕೊಟ್ಬಿಡು."

ಐದು ವರ್ಷದಿಂದ ನನಗೆ ನ್ಯಾಯವಾಗಿ ಬರಬೇಕಾದದ್ದು ಅದೇ. ನಾನು ಹೇಳಿದ್ದು ಸರಿ ಎಂದು ನನ್ನ ಹೆಸರಿನಲ್ಲಿ ಒಂದು ಕಾಗದ. ಅದನ್ನು ತಟ್ಟೆಯಲ್ಲಿಟ್ಟು ತಂದಿದ್ದರು. ಆದರೆ ನನಗೆ ಕಾಣುತ್ತಿದ್ದದ್ದು ಅವರ ಬಿಳಿ ಪ್ಯಾಂಟಿನ ಇಸ್ತ್ರಿಯ ಗೆರೆ. ಒಂದು ಸುಕ್ಕೂ ಇರಲಿಲ್ಲ.

"ಹೆಸರು ಬೇಡ ಸರ್," ಎಂದೆ. "ಈ ವಾರವೇ ನೀವು ಅಲ್ಲಿಗೆ ಬರಬೇಕು. ಇಪ್ಪತ್ತನಾಲ್ಕು ಪಟ್ಟಿನೂ ನಿಮ್ಮ ಕೈಯಾರೆ ಬಿಗೀಬೇಕು. ಅವರ ಜನ ಎಲ್ಲ ಇರಬೇಕು, ನಾನೂ ಇರ್ತೀನಿ. ಆಮೇಲೆ ಕಾಪಿ ನಿಮ್ದು."

"ಅದಕ್ಕೆ ಅಲ್ಲಿ ಟೆಕ್ನಿಷಿಯನ್ಸ್ ಇದಾರಲ್ಲಮ್ಮ."

"ಅವರು ಬೇಡ."

"ಕೆಳಗಿನ ಸಾಲಿಗೆ ನೆಲದ ಮೇಲೆ ಕೂರಬೇಕಾಗತ್ತೆ. ನಂಗೆ ವಯಸ್ಸಾಯ್ತು."

"ಬೋಲ್ಟಿಗೆ ಅದು ಗೊತ್ತಾಗಲ್ಲ ಸರ್."

ಅಷ್ಟರಲ್ಲಿ ಅಮ್ಮ ಹಾಲು ತಂದಳು. ಸಾಹೇಬರು ಕಾಫಿ ಕುಡಿದು, ಅಮ್ಮನಿಗೆ ಕೈ ಮುಗಿದು, ಆಗಲಿ ಎಂದು ನನಗೆ ತಲೆಯಾಡಿಸಿ ಹೋದರು.

ಆ ವಾರವೇ ಹೋದೆವು. ಆ ವರ್ಷವೂ ಪಟ್ಟಿಗಳು ಗೋಡೆಗೇ ಒರಗಿದ್ದವು, ದಸರೆಯ ಕುಂಕುಮ ಒಣಗಿ ಕಪ್ಪಾಗಿತ್ತು. ಪಾಳಿಯವರೆಲ್ಲ ಬಾಗಿಲಲ್ಲಿ ಸೇರಿದರು. ಸಾಹೇಬರು ತೋಳು ಮಡಿಸಿ, ಸ್ಪ್ಯಾನರು ಹಿಡಿದು, ಮೊದಲ ಸ್ಟ್ಯಾಂಡಿನ ಮುಂದೆ ಒಂದು ಮಂಡಿ ಊರಿದರು. ಆಮೇಲೆ ಇನ್ನೊಂದು.

ಆಹಾ, ನನ್ನ ಹೊಟ್ಟೆ ಎಷ್ಟು ತಣ್ಣಗಾಯಿತು ಎಂದು ಹೇಗೆ ಹೇಳಲಿ! ನಟ್ಟು ಕೈಜಾರಿ ಸ್ಟ್ಯಾಂಡಿನ ಕೆಳಗೆ ಉರುಳಿತು, ಅವರು ಬೋರಲು ಮಲಗಿದಂತೆ ಬಾಗಿ ಕೈಚಾಚಿ ಹುಡುಕಿದರು. ಆಸಿಡ್ಡಿನ ಬಿಳಿ ಪುಡಿ ಬಟ್ಟೆಗೆಲ್ಲ ಮೆತ್ತಿತು. ಪ್ಯಾಂಟಿನ ಮಂಡಿಯ ಹತ್ತಿರ ನೆಲದ ಆಸಿಡ್ಡು ತಾಗಿ ಒದ್ದೆಯಾದ ಎರಡು ಗುರುತು ಮೂಡಿ, ನೋಡುನೋಡುತ್ತಲೇ ಬಟ್ಟೆ ಸವೆದು ತೂತಾಗತೊಡಗಿತು. ಯಾರೋ ಒಂದು ಸ್ಟೂಲು ತಂದರು. "ಬೇಡ, ಸಾಹೇಬರಿಗೆ ಹೀಗೇ ಅನುಕೂಲ," ಎಂದು ನಾನು ವಾಪಸು ಕಳಿಸಿದೆ. ಪ್ರತಿ ಪಟ್ಟಿಯನ್ನೂ ಅಲ್ಲಾಡಿಸಿ ನೋಡಿ, "ಇನ್ನೂ ಸ್ವಲ್ಪ ಬಿಗಿ ಸರ್," ಎನ್ನುತ್ತಿದ್ದೆ. ಬೇಕಾದದ್ದಕ್ಕೂ ಎಂದೆ, ಬೇಡವಾದದ್ದಕ್ಕೂ ಎಂದೆ. ಅವರು ಮತ್ತೆ ಸ್ಪ್ಯಾನರು ತಿರುಗಿಸುತ್ತಿದ್ದರು. ಆ ಹಳೆಯ ಟೆಕ್ನಿಷಿಯನ್ ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ. ನಗು ತಡೆಯುತ್ತಿದ್ದಾನೆ ಎಂದುಕೊಂಡೆ.

ಇಪ್ಪತ್ತನಾಲ್ಕೂ ಮುಗಿಯಲು ಮೂರು ಗಂಟೆ ಹಿಡಿಯಿತು. ಹೊರಗೆ ಬಂದ ಮೇಲೆ ಕಾರ್ಬನ್ ಕಾಪಿ ಅವರ ಕೈಗಿಟ್ಟೆ. ಓದದೆಯೇ ಮಡಿಸಿ ಜೇಬಿಗೆ ಹಾಕಿಕೊಂಡರು. ಅದನ್ನು ನಾನು ಮತ್ತೆಂದೂ ನೋಡಲಿಲ್ಲ. ಹೊಸ ವರದಿಯಲ್ಲಿ ಪಟ್ಟಿಯ ವಿಷಯ, ಹೊರಗಿಡಬೇಕಾದ ಸ್ಪ್ಯಾನರಿನ ವಿಷಯ ಎಲ್ಲ ಬಂತು, ಅವರ ಸಹಿಯಲ್ಲಿ. ಹೆಸರು ಬೇಡ ಎಂದವಳು ನಾನೇ ತಾನೆ. ನಾನು ತಕರಾರು ಮಾಡಲಿಲ್ಲ. ಆ ಒಂದು ದೃಶ್ಯವನ್ನು ಬೇಕೆಂದಾಗ ತೆಗೆದು ನೋಡಿಕೊಂಡು ವರ್ಷಗಟ್ಟಲೆ ಸುಖವಾಗಿದ್ದೆ. ಬಸ್ಸಿನಲ್ಲಿ ನಿಂತಾಗ, ನಕ್ಷೆಗೆ ನಂಬರು ಹಾಕುವಾಗ, ಒಬ್ಬಳೇ ನಗುತ್ತಿದ್ದೆ.

ಅವರ ನಿವೃತ್ತಿಗೆ ಬಸವನಗುಡಿಯಲ್ಲಿ ದೊಡ್ಡ ಸನ್ಮಾನ ಇಟ್ಟುಕೊಂಡರು, ಅದೇ ಭಾನುವಾರದ ಸಭಾಂಗಣದಲ್ಲಿ. ಅಮ್ಮ ಮೈಸೂರು ರೇಷ್ಮೆ ಉಟ್ಟು ಹೊರಟಳು, ನಾನೂ ಹೋಗಬೇಕಾಯಿತು. ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲ ಆದ ಮೇಲೆ, ಸ್ಥಾವರದಿಂದ ವ್ಯಾನು ಮಾಡಿಕೊಂಡು ಬಂದ ಏಳೆಂಟು ಜನ ವೇದಿಕೆ ಹತ್ತಿದರು. ಆ ಹಳೆಯ ಟೆಕ್ನಿಷಿಯನ್ ಮೈಕು ಹಿಡಿದ.

"ನಾನು ಜಾಸ್ತಿ ಓದಿದೋನಲ್ಲ," ಎಂದ. "ಸಾಹೇಬ್ರುಗಳು ಬರ್ತಾರೆ, ಬೈತಾರೆ, ಸಹಿ ಹಾಕಿ ಹೋಗ್ತಾರೆ. ಇವರು ಮಾತ್ರ ನಮಗೆ ಒಂದು ಮಾತೂ ಬೈಲಿಲ್ಲ. ತಪ್ಪು ನಮ್ದು. ನಾವು ಬಿಚ್ಚಿಟ್ಟು ಮರೆತಿದ್ದನ್ನ ಈ ವಯಸ್ಸಿನಲ್ಲಿ ಮಂಡಿಯೂರಿ, ಮೂರು ಗಂಟೆ, ತಾವೇ ಬಿಗಿದ್ರು. ಸ್ಟೂಲ್ ತಂದ್ರೂ ಕೂರ್ಲಿಲ್ಲ. ಬಟ್ಟೆ ಸುಟ್ಟೋಯ್ತು. ಅವತ್ತಿಂದ ಒಂದು ಆಯುಧಪೂಜೆಲೂ ನಾವು ಪಟ್ಟಿ ಮರೆತಿಲ್ಲ. ಮೊದಲು ಇವರ ಹೆಸರು ಹೇಳಿ ಬೋಲ್ಟ್ ಬಿಗೀತೀವಿ, ಆಮೇಲೇ ಕಾಯಿ ಒಡೆಯೋದು." ಹೇಳುತ್ತ ಹೇಳುತ್ತ ಅತ್ತುಬಿಟ್ಟ. ಆಮೇಲೆ ಎಲ್ಲರೂ ಸೇರಿ ಸಾಹೇಬರ ಕೈಗೆ ಬೆಳ್ಳಿಯದೊಂದು ಸ್ಪ್ಯಾನರು ಕೊಟ್ಟರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ನಾನು ಕೂತೇ ಇದ್ದೆ. ಅವತ್ತು ಅವನು ನಗು ತಡೆಯುತ್ತಿರಲಿಲ್ಲ. ಅಲ್ಲಿದ್ದ ಯಾರೂ ನಗುತ್ತಿರಲಿಲ್ಲ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಎನ್ನುತ್ತಾರೆ, ನಾನು ಸಿಟ್ಟಿನಲ್ಲಿ ಅವರ ಮೂಗು ಕೊಯ್ದೆನೆಂದು ಅಷ್ಟು ವರ್ಷ ನಂಬಿದ್ದೆ.

ಸಾಹೇಬರು ಮಾತಿಗೆ ಎದ್ದರು. ಒಂದೇ ಒಂದು ಸಲ ಅವರ ಕಣ್ಣು ನಮ್ಮ ಸಾಲಿಗೆ ಬಂತು, ನನ್ನ ಮೇಲೆ ನಿಂತಿತು. ಈಗ ಹೇಳುತ್ತಾರೆ ಎಂದುಕೊಂಡೆ. ನಿಜ ಹೇಳುತ್ತೇನೆ, ಆ ಕ್ಷಣ ಅವರು ನನ್ನ ಹೆಸರು ಎತ್ತಿದ್ದರೆ ಅಲ್ಲೇ ಎಲ್ಲವನ್ನೂ ಕ್ಷಮಿಸಿಬಿಡುತ್ತಿದ್ದೆ. ಅವರು ಕೈ ಮುಗಿದು, "ಇದರಲ್ಲಿ ನನ್ನದೇನೂ ಇಲ್ಲ, ನಾನು ನಿಮಿತ್ತ ಮಾತ್ರ," ಎಂದರು. ಸಭೆ ಮತ್ತೆ ಚಪ್ಪಾಳೆ ತಟ್ಟಿತು, ಮೊದಲಿಗಿಂತ ಜೋರಾಗಿ. ಎದ್ದು ಕೂಗೋಣವೆನಿಸಿತು. ಕೂಗಿ ಏನು ತೋರಿಸಲಿ? ತೋರಿಸಬಹುದಾಗಿದ್ದ ಒಂದೇ ಕಾಗದವನ್ನು ನಾನೇ ಅವರ ಜೇಬಿಗೆ ಕೊಟ್ಟಿದ್ದೆ.

ಹಾಗೆಂದು ಅವರನ್ನು ಕ್ಷಮಿಸಿದೆ ಎಂದುಕೊಳ್ಳಬೇಡಿ. ಕ್ಷಮಿಸಿಲ್ಲ. ಆ ಬೆಳ್ಳಿಯ ಸ್ಪ್ಯಾನರು ಕಪ್ಪಾಗಿ ಹೋಗಲಿ ಎಂದು ಅಲ್ಲೇ ಶಪಿಸಿದೆ. ಪಟ್ಟಿಗಳು ವರ್ಷವೂ ಬಿಗಿಯಾಗುತ್ತಿವೆ ಎಂಬ ಸಮಾಧಾನವನ್ನೂ ಸಿಟ್ಟಿನಲ್ಲೇ ಪಟ್ಟುಕೊಂಡೆ.

ಗಾಂಧಿ ಬಜಾರಿನ ಮೂಲೆಯಲ್ಲಿ ಆಟೋ ಸಿಕ್ಕಿತು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಕೂತಳು. "ಎಂಥಾ ದೊಡ್ಡ ಮನುಷ್ಯ ಕಣೇ," ಎಂದಳು. ರಾಮಕೃಷ್ಣಾಶ್ರಮದ ಸರ್ಕಲ್ ದಾಟುವವರೆಗೂ ಅದನ್ನೇ ಎರಡು ಮೂರು ಸಲ ಹೇಳಿದಳು. ಆಮೇಲೆ ಏನೋ ನೆನಪಾದವಳಂತೆ ನನ್ನ ಕಡೆ ತಿರುಗಿದಳು.

"ಅವತ್ತು ಸಾಹೇಬ್ರ ಜೊತೆ ನೀನೂ ಹೋಗಿದ್ದೆ ಅಲ್ವಾ?"

"ಹೂಂ."

"ಪಾಪ, ಅಷ್ಟು ವಯಸ್ಸಾದೋರು ನೆಲದ ಮೇಲೆ ಕೂತು ಒದ್ದಾಡ್ತಿದ್ರೆ ನೀನು ಏನೇ ಮಾಡ್ತಿದ್ದೆ?"

"ನೋಡ್ತಾ ನಿಂತಿದ್ದೆ," ಎಂದೆ.